ವಾರಾಹಿಯ ಬೆಳಕು

‘ದ್ಯುತ್’ ಎಂದರೆ ಹೊಳೆಯುವುದು. ‘ವಿದ್ಯುತ್’ ಎಂದರೆ ವಿಶೇಷವಾಗಿ ಹೊಳೆಯತಕ್ಕದ್ದು. ಆಕಾಶದ ಮಿಂಚಿಗಿದ್ದ ಈ ಹೆಸರು ಈಗ ಮನೆಯ ದೀಪದ ಶಕ್ತಿಗೂ ಸಂದಿದೆ. ಎರಡಕ್ಕೂ ಮಳೆಯ ನಂಟುಂಟೆಂಬುದನ್ನು ತೆಕ್ಕಟ್ಟೆಯ ಗೃಹಸ್ಥರಾದ ನಾವು ದೂರ ಹೋಗದೆಯೇ ಅರಿಯಬಹುದು.

ನಮ್ಮ ಕುಂದಾಪುರ ಸೀಮೆಗೆ ಇಳಿದುಬರುವ ವಾರಾಹಿ ನದಿಗೆ ಘಟ್ಟದ ಮೇಲೆ, ಹೊಸನಗರ ತಾಲೂಕಿನ ಮಾಣಿಯಲ್ಲಿ, ಅಣೆಕಟ್ಟು ಉಂಟು. ಅಲ್ಲಿ ತಡೆದ ಮಳೆನೀರನ್ನು ಸುರಂಗ, ಕೊಳವೆಗಳ ಮೂಲಕ ಘಟ್ಟದ ಬುಡದ ಹೊಸಂಗಡಿಗೆ, ಭೂಗರ್ಭದಲ್ಲಿರುವ ವಿದ್ಯುದಾಗಾರಕ್ಕೆ, ಇಳಿಸುವರು. ಎತ್ತರದಿಂದ ಧುಮುಕಿದ ನೀರಿನ ವೇಗವು ಚಕ್ರವನ್ನು ತಿರುಗಿಸುವುದು. ಚಕ್ರದೊಡನೆ ತಿರುಗುವ ಯಂತ್ರದಲ್ಲಿ ವಿದ್ಯುತ್ತು ಹುಟ್ಟುವುದು. 1989-90ರಲ್ಲಿ ಎರಡು, 2009ರಲ್ಲಿ ಮತ್ತೆರಡು ಯಂತ್ರಗಳು ನಡೆಯತೊಡಗಿದವು. ಒಂದೊಂದರ ಶಕ್ತಿ 115 ಮೆಗಾವಾಟ್, ಒಟ್ಟು 460. ಇಷ್ಟು ದುಡಿದ ನೀರು ಸವೆಯದೆ ಮರಳಿ ಹೊಳೆಯನ್ನು ಸೇರುವುದು.

ನೀರು ಸವೆಯದಿದ್ದರೂ ಬೆಲೆ ತೆತ್ತವರುಂಟು. ಜಲಾಶಯದಡಿಯಲ್ಲಿ ಘಟ್ಟದವರ ಗದ್ದೆ, ತೋಟ, ಮನೆಗಳು ಮುಳುಗಿಹೋದವು. ಜನರಿಲ್ಲದ ಕೋಣೆಯಲ್ಲಿ ದೀಪವನ್ನುರಿಸಿದರೆ ಹಣ ಹೋಗುವುದಿರಲಿ, ಅವರ ತ್ಯಾಗವನ್ನು ಮರೆತಂತೆಯೇ ಸರಿ. ನಮ್ಮ ಹಿರಿಯರು ದೀಪಕ್ಕೆ ಎಣ್ಣೆಯನ್ನು ಅಳೆದು ಸುರಿಯುತ್ತಿದ್ದರು. ಗುಂಡಿಯೊತ್ತಿದೊಡನೆ ಬೆಳಕು ಕಾಣುವ ನಮ್ಮ ಮಕ್ಕಳಿಗೆ ಆ ಎಚ್ಚರವನ್ನು ನಾವೇ ಕಲಿಸತಕ್ಕುದು.