ಹೊಗೆಸೊಪ್ಪು ಹೋಗ್ಲಿ, ಫೀಸು ಕಟ್ತೀನಿ

ಹಾಸನದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಹೊರಗೆ ‘ಎಲ್ಲಾ ಆನ್‌ಲೈನ್ ಅರ್ಜಿ ಹಾಕಿಕೊಡಲಾಗುವುದು’ ಅನ್ನುವ ಬೋರ್ಡು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿದ್ದು ನೆನಪಿಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಬಸ್ಸಿಳಿದ ಮಕ್ಕಳು, ಅವರ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ ಹಿಡಿದ ಅಪ್ಪ ಅಮ್ಮ ಬರುತ್ತಲೇ ಇರುತ್ತಾರೆ. ಫೀಸು ಜಾಸ್ತಿ ಅಂತ ಕಾಲೇಜು ಬಿಟ್ಟವರನ್ನು ನಾನು ಕಂಡಿದ್ದೇನೆ. ಕಟ್ಟಬೇಕಾದ ದಿನ ಕೈಯಲ್ಲಿ ಕಾಸಿಲ್ಲದೆ ಬಿಟ್ಟವರನ್ನು ಅದಕ್ಕಿಂತ ಹೆಚ್ಚು ಕಂಡಿದ್ದೇನೆ.

ನಮ್ಮ ಕಡೆ ದುಡ್ಡು ಬೆಳೆಯ ಜೊತೆ ಬರುತ್ತದೆ. ಆಲೂಗಡ್ಡೆಗೆ ಮೇ ತಿಂಗಳಲ್ಲಿ ಎಪಿಎಂಸಿಯಿಂದ ಜಲಂಧರ್ ಬಿತ್ತನೆ ತಂದು ಹಾಕಬೇಕು. ಅಂಗಮಾರಿ ಬೀಳದೆ ಇದ್ದರೆ ಕೀಳುವಾಗ ಆಗಸ್ಟ್ ಕಳೆದಿರುತ್ತದೆ. ಅರಕಲಗೂಡು ಸೀಮೆಯ ಹೊಗೆಸೊಪ್ಪು ಬೇಯಿಸಿ, ಬೇಲು ಕಟ್ಟಿ, ರಾಮನಾಥಪುರದ ತಂಬಾಕು ಮಂಡಳಿ ಹರಾಜಿಗೆ ಹೋಗುವುದು ಇನ್ನೂ ತಡ. ಚನ್ನರಾಯಪಟ್ಟಣದ ತೆಂಗಿನವರು ಕೊಂಚ ವಾಸಿ, ತೋಟವಿದ್ದವರ ಮಾತು ಅದು. ಸಿಇಟಿ ಸೀಟು ಹಂಚಿಕೆ ಮಾತ್ರ ಯಾವ ಬೆಳೆಗೂ ಕಾಯುವುದಿಲ್ಲ. ಸೀಟು ಬಂದ ಮೇಲೆ ಕೆಲವೇ ದಿನದಲ್ಲಿ ‘ಚಾಯ್ಸ್’ ಒತ್ತಬೇಕು. ಒಂದು ಅಂದರೆ ಒಪ್ಪಿದೆ, ದುಡ್ಡು ಕಟ್ಟಿ ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಮುಂದೆ ಇನ್ನೂ ಒಳ್ಳೆಯದು ಸಿಕ್ಕರೆ ಅದು. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಅಂದರೆ ಆಟದಿಂದಲೇ ಹೊರಗೆ. ಕೈಯಲ್ಲಿ ಕಾಸಿಲ್ಲದವರು ಎಷ್ಟೋ ಸಲ ಮೂರು ಒತ್ತುತ್ತಾರೆ. ಸೀಟು ಚೆನ್ನಾಗಿಲ್ಲ ಅಂತಲ್ಲ, ಹದಿನೈದು ದಿನ ಸಿಗಲಿ ಅಂತ.

ಒಂದು ಆಗಸ್ಟಿನಲ್ಲಿ ಅರಕಲಗೂಡು ಕಡೆಯ ಒಂದು ಸಂಸಾರ ಬಂತು. ಹುಡುಗಿಗೆ ಎಂಜಿನಿಯರಿಂಗ್ ಸೀಟು. ಅಪ್ಪ, ‘ಹೊಗೆಸೊಪ್ಪು ಹೋಗ್ಲಿ, ಫೀಸು ಕಟ್ತೀನಿ ಅಂತ ಬರೀರಿ’ ಅಂದರು. ಅದನ್ನು ಬರೆಯುವ ಜಾಗ ಪರದೆಯ ಮೇಲೆ ಎಲ್ಲಿದೆ? ಕೊನೆಯ ದಿನಾಂಕ ತೋರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಮ್ಮ ಅಲ್ಲೇ ನಿಂತು ಕಿವಿಯ ಓಲೆ ಬಿಚ್ಚಿದರು.

ನನಗೂ 2003ರಲ್ಲಿ ಬೆಂಗಳೂರಿನಲ್ಲಿ ಸೀಟು ಬಂದಿತ್ತು. ಫೀಸಿಗೆ ಅಪ್ಪ ಹೊಂದಿಸಿದ್ದರು. ಅಲ್ಲಿ ಉಳಿಯುವುದಕ್ಕೆ, ಉಣ್ಣುವುದಕ್ಕೆ ಆಗಲಿಲ್ಲ. ಹೊಳೆನರಸೀಪುರದಲ್ಲಿ ಬಿ.ಕಾಂ. ಮಾಡಿದೆ. ಹಾಗಾಗಿ ಮೂರು ಒತ್ತಲು ಬಂದವರ ಹತ್ತಿರ ನಾನು ಸ್ವಲ್ಪ ಜಗಳವಾಡುತ್ತೇನೆ.

ಎಷ್ಟೋ ಸಲ ಜಗಳಕ್ಕೆ ಕಾರಣವೇ ಇರುವುದಿಲ್ಲ, ಇರುವ ಸವಲತ್ತು ಅವರಿಗೆ ಗೊತ್ತಿರುವುದಿಲ್ಲ ಅಷ್ಟೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ. 15 ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದವರಿಗೆ ಶೇ. 5. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು, ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಇನ್ನೊಂದು ಎಸ್‌ಎನ್‌ಕ್ಯು, ಅಂದರೆ ಸೂಪರ್‌ನ್ಯೂಮರರಿ ಕೋಟಾ: ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಡಿಮೆ ವರಮಾನದ ಮನೆಯವರಿಗೆ ಇರುವ ಶೇ. 5 ಹೆಚ್ಚುವರಿ ಸೀಟು, ಬೋಧನಾ ಶುಲ್ಕವೇ ಇಲ್ಲ. ಹೆಸರು ಕೇಳಿ ಅದು ದುಡ್ಡಿದ್ದವರ ಮ್ಯಾನೇಜ್‌ಮೆಂಟ್ ಕೋಟಾ ಅಂದುಕೊಂಡು ಬಿಟ್ಟವರನ್ನು ನೋಡಿದ್ದೇನೆ. ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ.

ಇನ್ನು ವಿದ್ಯಾರ್ಥಿವೇತನ. 2021ರಲ್ಲಿ ರೈತ ವಿದ್ಯಾನಿಧಿ ಬಂದಾಗ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500. ಎಂಜಿನಿಯರಿಂಗ್, ಎಂಬಿಬಿಎಸ್‌ಗೆ 10,000, 11,000. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗಿಷ್ಟು ಅಂತ ಹತ್ತು ತಿಂಗಳು. ಇದೆಲ್ಲ ಎಸ್‌ಎಸ್‌ಪಿ ಅನ್ನುವ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಸುತ್ತ ನಡೆಯುವ ವ್ಯವಹಾರ, ಅಲ್ಲೇ ನನ್ನ ಅನ್ನ. ನಾಡಕಚೇರಿ ಕೊಟ್ಟ ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಮಾಡಿಸಿದ ಆದಾಯ ಪತ್ರದ ಆಯುಸ್ಸು ಐದು ವರ್ಷ, ಡಿಗ್ರಿ ನಡುವೆ ತೀರಿಹೋಗಿರುತ್ತದೆ. ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ. ಹೆಸರು ಹೊಂದಿದರೂ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರುವುದಿಲ್ಲ. ಪಾಸ್‌ಬುಕ್ ಜೊತೆ ಆಧಾರ್ ನಕಲು ಕೊಟ್ಟಿದ್ದೇವಲ್ಲ ಅನ್ನುತ್ತಾರೆ. ಅದು ಬೇರೆ, ಸರ್ಕಾರದ ದುಡ್ಡು ಬೀಳಲು ಎನ್‌ಪಿಸಿಐ ಮ್ಯಾಪಿಂಗ್ ಅನ್ನುವುದನ್ನು ಬ್ಯಾಂಕಿನಲ್ಲಿ ಕೇಳಿ ಮಾಡಿಸಬೇಕು. ಓಟಿಪಿ ಬರುವ ಫೋನು ದನ ಮೇಯಿಸಲು ಹೋದ ತಾತನ ಜೇಬಿನಲ್ಲಿರುತ್ತದೆ.

ಹಿಂದೆ ಈ ಕಡೆಯ ಬಡ ಹುಡುಗರು ಪೇಟೆಯಲ್ಲಿ ವಾರಾನ್ನ ಉಂಡು ಓದಿದರು. ಆ ಮನೆಗಳ ಬಾಗಿಲು ತೆರೆಯದ ಜಾತಿಯವರು ತಮ್ಮ ಹಾಸ್ಟೆಲ್‌ಗಳನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತರ ಮನೆಯ ಎಚ್.ಡಿ. ದೇವೇಗೌಡರು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, 1996ರಲ್ಲಿ ಪ್ರಧಾನಿಯಾದರು. ಡಿಪ್ಲೊಮಾ ಅಂದರೆ ಮುಖ ಸಿಂಡರಿಸುವ ಅಪ್ಪಂದಿರಿಗೆ ಇದನ್ನು ಹೇಳುತ್ತೇನೆ. ನಗುತ್ತಾರೆ, ಆದರೆ ಅರ್ಜಿ ಹಾಕಿಸುತ್ತಾರೆ.

ಬಿ.ಎ. ಅರ್ಥಶಾಸ್ತ್ರದ ಹುಡುಗಿಯೊಬ್ಬಳು ಪ್ರಿಂಟ್ ತೆಗೆಸಲು ಬಂದಾಗ ರಾಜ್ ಚೆಟ್ಟಿ ಎಂಬ ಅರ್ಥಶಾಸ್ತ್ರಜ್ಞರ 2017ರ ಅಧ್ಯಯನದ ವಿಷಯ ಹೇಳಿದಳು. ಅಮೆರಿಕದ 38 ಕಾಲೇಜುಗಳಲ್ಲಿ, ಯೇಲ್ ಪ್ರಿನ್ಸ್‌ಟನ್ ಸೇರಿ, ತೀರಾ ಸಿರಿವಂತ ಶೇ. 1 ಮನೆಗಳಿಂದ ಬಂದ ಮಕ್ಕಳು ಕೆಳಗಿನ ಶೇ. 60 ಮನೆಗಳಿಂದ ಬಂದವರಿಗಿಂತ ಹೆಚ್ಚಂತೆ. ಬಡ ಮನೆಯವರನ್ನು ಹೆಚ್ಚು ಸಂಖ್ಯೆಯಲ್ಲಿ ಮೇಲೆತ್ತಿದ್ದು ಲಾಸ್ ಏಂಜಲಿಸ್‌ನ ಸರ್ಕಾರಿ ವಿಶ್ವವಿದ್ಯಾಲಯದಂಥ ಸಾಧಾರಣ ಹೆಸರಿನವು. ನನಗೆ ಆಶ್ಚರ್ಯವಾಗಲಿಲ್ಲ. ಬೆಳಗ್ಗೆ ಹೊರಟು ಸಂಜೆ ಮನೆ ಸೇರಬಹುದಾದ ಕಾಲೇಜು ನಮ್ಮವರಿಗೆ ಕಾಲೇಜು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ, ‘ಹೋಗಿ ಬಂದು ಓದ್ತೀನಿ’ ಅನ್ನುವ ಮಾತು ಮನೆಗಳಲ್ಲಿ ನಡೆಯುತ್ತಿದೆ. ಮೈಸೂರು ವಿವಿಯ ಹೇಮಗಂಗೋತ್ರಿ ಕೇಂದ್ರ ಅದೇ ವರ್ಷ ಹಾಸನ ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಸಂಪುಟ ಉಪಸಮಿತಿ ಮುಚ್ಚಬಹುದು ಎಂದ ಒಂಬತ್ತರಲ್ಲಿ ಅದೂ ಒಂದು. ಹೆಸರು ಯಾವುದಾದರೂ ಇರಲಿ, ಎಂ.ಎ. ತರಗತಿ ಹಾಸನದಲ್ಲೇ ನಡೆಯಲಿ ಅನ್ನುವುದಷ್ಟೇ ನನ್ನ ಆಸೆ.

ಓಲೆ ಬಿಚ್ಚಿದ ತಾಯಿ ಮುಂದಿನ ಬೇಸಿಗೆಯಲ್ಲಿ ಮತ್ತೆ ಬಂದಿದ್ದರು, ಪಾಸ್‌ಬುಕ್ ಜೆರಾಕ್ಸಿಗೆ. ವಿದ್ಯಾರ್ಥಿವೇತನ ಬಿದ್ದಿತ್ತು, ಮಾರ್ಚಿನಲ್ಲಿ. ಕಿವಿಯಲ್ಲಿ ಬೇವಿನ ಕಡ್ಡಿ ಹಾಗೇ ಇತ್ತು. ‘ಓಲೆ ಬಿಡಿಸ್ಕೊಂಡಿಲ್ವಾ?’ ಅಂದೆ. ‘ಎರಡನೇ ವರ್ಷದ ಫೀಸು ಬತ್ತೈತಲ್ಲಕ್ಕ, ಅಲ್ಲೇ ಇರ್ಲಿ ಬಿಡಿ’ ಅಂದರು.