ತುಲಾ ರಾಶಿಯವರಿಗೆ ಆಸ್ಪಿರಿನ್ ಬೇಡವೇ?

1988ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ನಿಯತಕಾಲಿಕದಲ್ಲಿ ‘ಐಸಿಸ್-2’ ಎಂಬ ಅಧ್ಯಯನದ ವರದಿ ಪ್ರಕಟವಾಯಿತು. ಹೃದಯಾಘಾತವಾಗಿದೆಯೆಂದು ಶಂಕಿಸಲಾದ 17,187 ರೋಗಿಗಳು ಅದರಲ್ಲಿದ್ದರು. ಆಸ್ಪಿರಿನ್ ಪಡೆದವರಲ್ಲಿ ಐದು ವಾರಗಳೊಳಗೆ ಹೃದಯ ಮತ್ತು ರಕ್ತನಾಳಗಳ ತೊಂದರೆಯಿಂದ ಸತ್ತವರು ಶೇ 9.4, ಹುಸಿಮಾತ್ರೆ ಪಡೆದವರಲ್ಲಿ ಶೇ 11.8. ಇಷ್ಟು ದೊಡ್ಡ ಸಮೂಹದಲ್ಲಿ ಕಂಡ ಈ ಅಂತರವನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿರಲಿಲ್ಲ.

ಉಪಗುಂಪುಗಳ ವಿಶ್ಲೇಷಣೆ ಹೇಗೆ ದಾರಿ ತಪ್ಪಿಸಬಲ್ಲದೆಂದು ತೋರಿಸಲು ಸಂಶೋಧಕರು ರೋಗಿಗಳನ್ನು ಜನ್ಮರಾಶಿಯ ಪ್ರಕಾರವೂ ವಿಂಗಡಿಸಿದರು. (ಪಾಶ್ಚಾತ್ಯರ ಸೂರ್ಯರಾಶಿ, ನಮ್ಮ ಪಂಚಾಂಗಕರ್ತರು ಆತಂಕಪಡಬೇಕಿಲ್ಲ.) ಮಿಥುನ ಮತ್ತು ತುಲಾ ರಾಶಿಯವರಲ್ಲಿ ಆಸ್ಪಿರಿನ್ ಪಡೆದವರ ಸಾವೇ ತುಸು ಹೆಚ್ಚೆಂದು ಕಂಡುಬಂತು! ಉಳಿದ ಹತ್ತು ರಾಶಿಗಳವರಿಗೆ ಅಪಾರ ಪ್ರಯೋಜನ.

ಗುಂಪು ಚಿಕ್ಕದಾದಷ್ಟೂ ಆಕಸ್ಮಿಕದ ಏರಿಳಿತ ಹೆಚ್ಚು. ‘ಸಂಖ್ಯಾಶಾಸ್ತ್ರೀಯವಾಗಿ ಗಮನಾರ್ಹ’ ಎಂಬ ಮುದ್ರೆಗೆ ರೂಢಿಯಲ್ಲಿರುವ ಗಡಿ ಶೇ 5. ಔಷಧದಿಂದ ಏನೂ ಪರಿಣಾಮವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕೂ ಮಿಗಿಲಾದ ಅಂತರ ತೋರುವ ಸಂಭವ ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆ ಎಂದಷ್ಟೇ ಅದರ ಅರ್ಥ. ಔಷಧ ಫಲಕಾರಿಯಾಗಿರುವ ಸಂಭವ ಶೇ 95 ಎಂದಲ್ಲ. ನಿಷ್ಪ್ರಯೋಜಕ ಔಷಧವೊಂದನ್ನು ಹನ್ನೆರಡು ಪ್ರತ್ಯೇಕ ಗುಂಪುಗಳಲ್ಲಿ ಪರೀಕ್ಷಿಸಿದರೆ ಒಂದರಲ್ಲಾದರೂ ಈ ಮುದ್ರೆ ದೊರೆಯುವ ಸಂಭವ ಸುಮಾರು ಶೇ 46.

ರಾಶಿಯ ಬದಲು ವಯಸ್ಸನ್ನೋ ಲಿಂಗವನ್ನೋ ಆಧರಿಸಿದ ಇಂಥದೇ ಪಟ್ಟಿಯನ್ನು ನೋಡಿ ಯಾರೂ ನಗುವುದಿಲ್ಲ. ಅಪಾಯವಿರುವುದು ಅಲ್ಲಿಯೇ. ‘ಮಹಿಳೆಯರಿಗೆ ಈ ಮಾತ್ರೆಯಿಂದ ಉಪಯೋಗವಿಲ್ಲ’ ಎಂಬ ಶೀರ್ಷಿಕೆ ಮರುದಿನವೇ ಸಿದ್ಧವಾಗುತ್ತದೆ. ಅದನ್ನು ನಂಬಿ ಚಿಕಿತ್ಸೆ ನಿಲ್ಲಿಸಿದರೆ ಕಳೆದುಕೊಳ್ಳುವುದೆಷ್ಟು? ಆ ಅಧ್ಯಯನದಲ್ಲಿ ಆಸ್ಪಿರಿನ್ ಉಳಿಸಿದ್ದು ಸಾವಿರ ರೋಗಿಗಳಿಗೆ ಸುಮಾರು 24 ಜೀವಗಳನ್ನು.