ಕ್ಯಾನ್ಸರ್ ತಪಾಸಣೆ: ಸಾರುವ ಮಾತು ಸ್ಪಷ್ಟವಾಗಿರಲಿ



ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕ್ಯಾನ್ಸರ್ ತಪಾಸಣೆಯೆಂದು ಸಾರಿದಾಗ, ‘ನಮಗೆ ಆ ಕಾಯಿಲೆ ಇಲ್ಲವಲ್ಲ, ಹೋಗುವುದೇಕೆ?’ ಎನ್ನುವವರುಂಟು. ಇದು ಕೇಳುವವರ ಅಜ್ಞಾನವಲ್ಲ. ಸಾರುವ ಮಾತಿನ ಕೊರತೆ. ಯಾವ ತೊಂದರೆಯೂ ಕಾಣದವರನ್ನು ಮುಂಚಿತವಾಗಿ ಪರೀಕ್ಷಿಸುವುದೇ ತಪಾಸಣೆ. ಗಂಟು, ಅಸಹಜ ರಕ್ತಸ್ರಾವ, ಮೂರು ವಾರವಾದರೂ ಮಾಯದ ಬಾಯಿಹುಣ್ಣು ಇರುವವರು ಶಿಬಿರಕ್ಕಾಗಿ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಪ್ರಕಟಣೆಯ ಮೊದಲ ಸಾಲಿನಲ್ಲಿಯೇ ಈ ಭೇದವನ್ನು ತಿಳಿಸಬೇಕು.

ಎರಡನೆಯದಾಗಿ, ಯಾರಿಗೆ ಯಾವ ಪರೀಕ್ಷೆ ಎಂಬುದನ್ನು ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಸ್ತ್ರೀಪುರುಷರಿಬ್ಬರಿಗೂ ಬಾಯಿಯ ತಪಾಸಣೆ, ಸ್ತ್ರೀಯರಿಗೆ ಸ್ತನ ಹಾಗೂ ಗರ್ಭಕಂಠದ ತಪಾಸಣೆ ಐದು ವರ್ಷಕ್ಕೊಮ್ಮೆ ನಡೆಯಬೇಕು. ಬಾಯಿಯನ್ನು ಬೆಳಕಿನಲ್ಲಿ ಕಣ್ಣಿನಿಂದ ನೋಡುತ್ತಾರೆ. ಸ್ತನವನ್ನು ಕೈಯಿಂದ ಪರೀಕ್ಷಿಸುತ್ತಾರೆ. ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲವನ್ನು ಲೇಪಿಸಿ, ಬಿಳಿ ಮಚ್ಚೆ ಮೂಡುವುದೇ ಎಂದು ನೋಡುತ್ತಾರೆ. ಕತ್ತರಿಸುವುದಿಲ್ಲ, ಅರಿವಳಿಕೆ ಕೊಡುವುದಿಲ್ಲ, ಕೆಲವೇ ನಿಮಿಷಗಳ ಕಾರ್ಯ. ಪರೀಕ್ಷಿಸುವವರು ಮಹಿಳೆಯರೇ, ಪ್ರತ್ಯೇಕ ಕೊಠಡಿ ಉಂಟೇ ಎಂಬುದನ್ನೂ ಮೊದಲೇ ತಿಳಿಸಿದರೆ ತಾಯಂದಿರ ಸಂಕೋಚ ಅರ್ಧ ಕರಗುತ್ತದೆ.

ಮೂರನೆಯದು ನಮ್ಮ ಸೀಮೆಗೆ ಕಠಿಣವಾದ ಮಾತು. ಇಲ್ಲಿನ ಅನೇಕ ಮನೆಗಳ ಬದುಕು ಅಡಿಕೆ ತೋಟದಿಂದಲೇ ಸಾಗುತ್ತಿರುವುದರಿಂದ ವೇದಿಕೆಯ ಮೇಲೆ ಇದನ್ನು ನುಡಿಯಲು ಹಿಂಜರಿಕೆ ಸಹಜ. ಆದರೂ ಮರೆಮಾಚುವುದು ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಎಲೆ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ಜಗಿಯುವ ಅಭ್ಯಾಸವುಳ್ಳವರು ಅದನ್ನು ಬಿಡುವುದು ಶ್ರೇಯಸ್ಕರ. ಬಾಯಿಯ ತಪಾಸಣೆಗೆ ಮೊದಲು ಬರಬೇಕಾದವರೂ ಅವರೇ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಂತೆ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ತಪಾಸಣೆಯಿಂದ ಆ ಕ್ಯಾನ್ಸರ್‌ನ ಸಾವು ಸುಮಾರು ಶೇ. 34ರಷ್ಟು ತಗ್ಗಿತು. ಅಲ್ಲಿ ಮನೆಮನೆಗೆ ಹೋಗಿ ಬಾಯಿ ನೋಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು.

ಕೊನೆಯದಾಗಿ, ಫಲಿತಾಂಶದ ಅರ್ಥವನ್ನು ತಿಳಿಸದೆ ಯಾರನ್ನೂ ಮನೆಗೆ ಕಳುಹಿಸಬಾರದು. ಸಂಶಯ ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಮುಂದಿನ ಪರೀಕ್ಷೆಯಿಂದ, ಅಗತ್ಯವಿದ್ದರೆ ಸಣ್ಣ ತುಣುಕನ್ನು ತೆಗೆದು ನೋಡಿ, ನಿರ್ಧರಿಸಬೇಕು. ಏನೂ ಇಲ್ಲವೆಂದು ಬಂದರೆ ಅದು ಜೀವನಪರ್ಯಂತದ ಅಭಯವೂ ಅಲ್ಲ. ಮುಂದೆ ಯಾವ ಆಸ್ಪತ್ರೆಗೆ, ಯಾವ ದಿನ, ಯಾರನ್ನು ಕಾಣಬೇಕೆಂದು ಚೀಟಿಯಲ್ಲಿ ಬರೆದುಕೊಡಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಒಬ್ಬರ ಫಲಿತಾಂಶ ಮತ್ತೊಬ್ಬರ ಕಿವಿಗೆ ಬೀಳಬಾರದು.

ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ, ಪಾಪದ ಫಲವೂ ಅಲ್ಲ. ಗ್ರಾಮಗಳ ಸದ್ಭಕ್ತರು, ಅಕ್ಕನ ಬಳಗದ ತಾಯಂದಿರು ತಮ್ಮೂರಿನ ಆಶಾ ಕಾರ್ಯಕರ್ತೆಯರೊಡನೆ ಕುಳಿತು, ಮುಂದಿನ ತಪಾಸಣೆಯ ಪ್ರಕಟಣೆಯನ್ನು ಈ ನಾಲ್ಕು ಅಂಶಗಳೊಂದಿಗೆ ಆಡುಮಾತಿನಲ್ಲಿ ಸಿದ್ಧಪಡಿಸಬೇಕೆಂದು ವಿನಂತಿಸುತ್ತೇವೆ.